ಕರ್ತೃಪದ ಎಲ್ಲಿ?

ಚೇಳೂರಿನಲ್ಲಿ ಹಲಸಿನ ವ್ಯಾಪಾರ ನಡೆಯುವ ದಿನಗಳು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಮ್ಮ ಕೇರಿಯ ಅವ್ವನೊಬ್ಬಳಿಗೆ ಪೇಪರಿನ ಸುದ್ದಿ ಓದಿ ಹೇಳುತ್ತಿದ್ದೆ. ನಾಲ್ಕೇ ಸಾಲು. ಊರ ನಲ್ಲಿಯಲ್ಲಿ ನೀರು ಹಿಡಿದಳು ಅಂತ ಆಕೆಯ ಕೊಡ ಎಸೆದು, ಆಕೆಯನ್ನು ಹೊಡೆದು ಮೂರು ದಿನವಾಗಿತ್ತು. ಬಿ.ಎ. ಮಾಡಿದವನು ನಾನೊಬ್ಬನೇ ಅಂತ ಸಂಘದವರು ಪತ್ರಿಕಾ ಹೇಳಿಕೆಯನ್ನು ನನ್ನ ಕೈಲೇ ಬರೆಸಿದ್ದರು. 'ಅಹಿತಕರ ಘಟನೆ ನಡೆದಿದ್ದು, ಸಂಘವು ಇದನ್ನು ಉಗ್ರವಾಗಿ ಖಂಡಿಸುತ್ತದೆ.' ಕೆಳಗೆ ಹನ್ನೊಂದು ಜನ ಪದಾಧಿಕಾರಿಗಳ ಹೆಸರು.

ಅವ್ವ ಪೂರ್ತಿ ಕೇಳಿ, "ಹೊಡ್ದೋರ್ ಯಾರು ಅಂತ ಐತಾ ಮಗ ಇದ್ರಾಗೆ?" ಅಂದಳು. ಇರಲಿಲ್ಲ. "ಹೋಗ್ಲಿ, ನಾನೆಲ್ಲಿವ್ನಿ?" ಅಂದಳು. ಅದೂ ಇರಲಿಲ್ಲ. ಕವಿ ಅಂತ ಕರೆಸಿಕೊಳ್ಳುವ ನನ್ನ ಬರವಣಿಗೆಗೆ ಇದಕ್ಕಿಂತ ಖಾರವಾದ ವಿಮರ್ಶೆಯನ್ನು ಯಾರೂ ಮಾಡಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ನೀವು ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಕಲಿಸುತ್ತೀರಿ. ಸಂಕಟ ಬಂದಾಗ ಸಂಸ್ಥೆಗಳು ಪತ್ರಿಕೆಗಳಿಗೆ ಕೊಡುವ ಹೇಳಿಕೆಗಳನ್ನು ಒಂದು ಸಲ ಕಪ್ಪುಹಲಗೆಯ ಮೇಲೆ ಬರೆದು ನೋಡಿ. 'ಘಟನೆ ನಡೆದಿದೆ.' ತಾನೇ ನಡಕೊಂಡು ಬಂತೆ? 'ಕ್ರಮ ಕೈಗೊಳ್ಳಲಾಗುವುದು.' ಯಾರು? ಯಾವಾಗ? 'ಪರಿಸ್ಥಿತಿ ಹತೋಟಿಯಲ್ಲಿದೆ.' ಯಾರ ಹತೋಟಿಯಲ್ಲಿ? ಹೊಡೆದವನನ್ನು ಬಿಟ್ಟು ಹೊಡೆತವನ್ನು ಮಾತ್ರ ಹೇಳುವ ವ್ಯಾಕರಣ ಇದು. ಇದು ತಪ್ಪಿ ಆದದ್ದಲ್ಲ, ಪಟ್ಟಭದ್ರರು ಪಳಗಿಸಿಕೊಂಡ ಭಾಷೆ. ಓದಿ ಬಂದ ನಾವು ಅದನ್ನೇ ಒಳ್ಳೆಯ ಕನ್ನಡ ಅಂತ ಕಲಿತೆವು.

1973ರ ನವೆಂಬರ್ ನೆನೆಯೋಣ. ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ಇಂಗ್ಲಿಷ್ ಕಲಿಯಿರಿ ಅಂದರು. ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಅದೆಲ್ಲ ಹಿಂದಾಯಿತು, 'ಬೂಸಾ' ಅನ್ನುವ ಒಂದೇ ಪದ ಮುಂದಾಯಿತು. ಆ ಮಾತು ಯಾಕೆ ಬಂತು, ಯಾರ ಹೊಟ್ಟೆಯ ಸಂಕಟದಿಂದ ಬಂತು ಅನ್ನುವುದು ಗದ್ದಲದಲ್ಲಿ ಮುಳುಗಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಅವರಂಥವರು ಬಸವಲಿಂಗಪ್ಪನವರ ಪರ ನಿಂತರೂ ಕೊನೆಗೆ ಮಂತ್ರಿಗಿರಿ ಹೋಯಿತು.

ಯೋಚಿಸಿ ನೋಡಿದರೆ ಆ ರಾಜೀನಾಮೆಯೂ ಒಂದು ಪತ್ರಿಕಾ ಹೇಳಿಕೆಯೇ. 'ಗಲಾಟೆ ಮುಗಿಯಿತು, ಮನೆಗೆ ಹೋಗಿ' ಅಂತ ಅಧಿಕಾರ ಹೇಳಿದ ರೀತಿ ಅದು. ಏಟು ತಿಂದ ಹುಡುಗರಿಗೆ ಏನು ಮುಗಿದಿತ್ತು? ತಮ್ಮ ಮಾತು ಹೇಳಲು ತಮ್ಮದೇ ಕಾಗದ ಬೇಕು ಅಂತ ಅವರಿಗೆ ಗೊತ್ತಾಯಿತು. ಆ ಬೇಗುದಿಯಿಂದಲೇ ದಲಿತ ಸಂಘರ್ಷ ಸಮಿತಿ ಮೂಡಿತು, ಮೈಸೂರಿನಿಂದ 'ಪಂಚಮ' ಪತ್ರಿಕೆ ಬಂತು.

ಈ ದಾರಿ ತೋರಿಸಿದವರು ಬಾಬಾಸಾಹೇಬರು. 1920ರಲ್ಲಿ 'ಮೂಕನಾಯಕ' ಶುರುವಾದಾಗ ಅದರ ಜಾಹೀರಾತನ್ನು ದುಡ್ಡು ಕೊಟ್ಟರೂ 'ಕೇಸರಿ' ಹಾಕಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮವರು ಏಟು ತಿಂದರು. ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ' ಹೊರಬಂತು. ಎರಡೇ ವಾರ! ನೀರಿಗಾಗಿ ಏಟು ತಿಂದವರ ಮಾತು ಅವರದೇ ಪತ್ರಿಕೆಯಲ್ಲಿ ಬಂತು.

ಆದರೆ ಬರೀ ಪತ್ರಿಕೆ ಇದ್ದರೆ ಸಾಲದು ಅಂತ ಕಂಬಾಲಪಲ್ಲಿ ಹೇಳುತ್ತದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ನಾಡೆಲ್ಲ ಸುದ್ದಿ. ಆಮೇಲೆ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದಾರೆ, ಕೊಂದವರು ಯಾರೂ ಇಲ್ಲ. ಕೋರ್ಟಿನಿಂದ ಹೊರಬಂದ ವಾಕ್ಯಕ್ಕೂ ಕರ್ತೃಪದವಿಲ್ಲ!

ಸುದ್ದಿಗೆ ಎಂಟು ದಿನ ಆಯಸ್ಸು. ಕೇಸಿಗೆ ಆರು ವರ್ಷ, ಹದಿನಾಲ್ಕು ವರ್ಷ. ಹೆಣ ಬಿದ್ದ ದಿನ ಕ್ಯಾಮೆರಾ ಮುಂದೆ ನಿಲ್ಲುವ ನಾವು, ಸಾಕ್ಷಿ ಕಟಕಟೆ ಹತ್ತುವ ದಿನ ಎಲ್ಲಿರುತ್ತೇವೆ? ಹೆದರಿದ ಸಾಕ್ಷಿಯ ಮನೆ ಮುಂದೆ ರಾತ್ರಿ ಮಲಗುವವರು ನಮ್ಮಲ್ಲಿ ಎಷ್ಟು ಜನ? ಇದನ್ನು ಸರ್ಕಾರಕ್ಕೆ ಕೇಳುವ ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕು ಗೆಳೆಯರೇ. ಈಗ ಎಲ್ಲರ ಕೈಲೂ ಫೋನಿದೆ, ಪತ್ರಿಕೆಯವರ ಹಂಗೇಕೆ ಅನ್ನುತ್ತಾರೆ. ನಿಜ. ಆದರೆ ಆ ಫೋನಿನಲ್ಲೂ ಮೊದಲು ಬರುವುದು ಮುಖಂಡರ ಮುಖವೇ. ನೊಂದವಳು ಹಿಂದೆ ಸೆರಗು ಮುಚ್ಚಿಕೊಂಡು ನಿಂತಿರುತ್ತಾಳೆ. ಹೆಸರು ಹಾಕಲೋ ಬೇಡವೋ ಅಂತ ಅವಳನ್ನು ಒಂದು ಮಾತು ಕೇಳಿರುವುದಿಲ್ಲ.

ಮಾರನೆಯ ದಿನ ಆ ಅವ್ವನ ಜಗುಲಿಯ ಮೇಲೆ ಕೂತು ಹೇಳಿಕೆಯನ್ನು ಮತ್ತೆ ಬರೆದೆ. ಮೊದಲ ಸಾಲು ಆಕೆಯದೇ: "ನಾನು ನೀರು ಹಿಡೀತಿದ್ದೆ, ಬಂದು ಹೊಡುದ್ರು." ಹೊಡೆದವರ ಹೆಸರು ಪೊಲೀಸ್ ದೂರಿನಲ್ಲಿ ಇದ್ದ ಹಾಗೇ ಬಂತು. ಪದಾಧಿಕಾರಿಗಳ ಹೆಸರು ತೆಗೆದೆ. ಸಂಘದಲ್ಲಿ ಇಬ್ಬರಿಗೆ ಸಿಟ್ಟು ಬಂತು. ಪೇಪರಿನವರು ಹಾಕಲಿಲ್ಲ. ಕರಪತ್ರ ಮಾಡಿಸಿ ಸಂತೆಯಲ್ಲಿ ಹಂಚಿದೆವು.

ಆಕೆ ಒಂದನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೋರ್ಟಿನ ದಿನ ಜೊತೆಗೆ ಬರ್ತೀಯಾ ಅಂತ ಕೇಳಿದಳು. ಬರ್ತೀನಿ ಅಂದಿದ್ದೇನೆ. ಇದನ್ನು ಅಚ್ಚಿಗೆ ಕೊಡುತ್ತಿರುವುದು, ಆ ಮಾತು ತಪ್ಪಿದರೆ ನೀವು ನನ್ನನ್ನು ಹಿಡಿದು ಕೇಳಲಿ ಅಂತ.