ಕತ್ತರಿಗಾಗಿ ಕೊಂಡ ಚಾಕು

ವಿಕ್ಟೋರಿನಾಕ್ಸ್ ಕಂಪನಿಯ ‘ಸ್ಪಾರ್ಟನ್’ ಎಂಬ ಮಡಿಚುವ ಚಾಕುವಿಗೆ ಹನ್ನೆರಡು ಉಪಯೋಗಗಳಿವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಒಂದು ಭಾನುವಾರ ಅದನ್ನು ಮೇಜಿನ ಮೇಲೆ ಪೂರ್ತಿ ಬಿಚ್ಚಿಟ್ಟು ಎಣಿಸಿದೆ. ದೊಡ್ಡ ಅಲಗು, ಚಿಕ್ಕ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಬಾಟಲಿ ಮುಚ್ಚಳ ಎಬ್ಬಿಸುವ ಪಟ್ಟಿ, ಬೆನ್ನಿನಲ್ಲಿ ದಬ್ಬಳ, ಅದರ ಪಕ್ಕ ಬಿರಡೆ ಕೀಳುವ ತಿರುಪು. ಅಲ್ಲಿಗೆ ಆರು. ಹಿಡಿಯೊಳಗೆ ತೂರಿಸಿಟ್ಟ ಚಿಮಟ, ಹಲ್ಲುಕಡ್ಡಿ ಸೇರಿದರೆ ಎಂಟು. ಉಳಿದ ನಾಲ್ಕು ಎಲ್ಲಿ? ಡಬ್ಬಿ ಕೊಕ್ಕೆಯ ತುದಿಯನ್ನು ಸಣ್ಣ ಸ್ಕ್ರೂ ಡ್ರೈವರ್ ಎಂದು ಒಂದು ಸಲ, ಬಾಟಲಿ ಪಟ್ಟಿಯ ತುದಿಯನ್ನು ದೊಡ್ಡ ಸ್ಕ್ರೂ ಡ್ರೈವರ್ ಎಂದು ಇನ್ನೊಂದು ಸಲ, ಆ ಪಟ್ಟಿಯ ಬುಡದಲ್ಲಿ ವೈರ್ ಸುಲಿಯಲೆಂದು ಕೊರೆದ ಕಚ್ಚನ್ನು ಮತ್ತೊಂದು ಸಲ ಲೆಕ್ಕಕ್ಕೆ ಹಿಡಿದಿದ್ದಾರೆ. ಹನ್ನೆರಡನೆಯದು ಕೀಲಿಕೈ ಸಿಕ್ಕಿಸುವ ಬಳೆ! ಇದೇ ಲೆಕ್ಕದಲ್ಲಿ ನಮ್ಮ ಅಡುಗೆಮನೆಯ ಈಳಿಗೆಮಣೆಯನ್ನು ಮಾರಿದರೆ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಕುಳಿತುಕೊಳ್ಳಲು ಮಣೆ ಎಂದು ಆರಾಮಾಗಿ ಐದಾರು ಉಪಯೋಗ ಬರೆದುಬಿಡಬಹುದು.

ಜೇಬಿಗೊಂದು ಚಾಕು ಕೊಳ್ಳಹೊರಟವರು ಮೊದಲು ಸಿಕ್ಕಿಬೀಳುವುದು ಈ ಸಂಖ್ಯೆಯ ಬಲೆಗೆ. ಬೆಲೆ ಹೆಚ್ಚಾದಷ್ಟೂ ಅಲಗು ಹೆಚ್ಚು, ಅಲಗು ಹೆಚ್ಚಾದಷ್ಟೂ ಆಸೆ ಹೆಚ್ಚು. ಸ್ವಿಸ್ ಚಾಂಪ್ ಎಂಬ ಮಾದರಿಯಲ್ಲಿ ಮೂವತ್ಮೂರು ಉಪಯೋಗ, ತೂಕ 185 ಗ್ರಾಂ. ಅದರಲ್ಲಿ ಭೂತಗನ್ನಡಿಯೂ ಇದೆ, ಮೀನಿನ ಹುರುಪೆ ತೆಗೆಯುವ ಸಾಧನವೂ ಇದೆ. ಹಿಂದೆ ವೆಂಗರ್ ಕಂಪನಿ ‘ಜೈಂಟ್’ ಎಂದು ಒಂದನ್ನು ಮಾಡಿತ್ತು: 87 ಸಾಧನ, 141 ಉಪಯೋಗ, ಒಂದು ಕಿಲೋ ದಾಟಿದ ತೂಕ. ಅದು ಗಿನ್ನೆಸ್ ದಾಖಲೆಗೆ ಸೇರಿತು. ಜೇಬಿಗೆ ಸೇರಲಿಲ್ಲ, ಸೇರುವ ಹಾಗೂ ಇರಲಿಲ್ಲ. ಇಟ್ಟಿಗೆ ಹಿಡಿದು ಸೇಬು ಕತ್ತರಿಸಲು ಹೊರಟಂತೆ.

ಹಾಗೆ ನೋಡಿದರೆ ಈ ಚಾಕುವಿನ ಹುಟ್ಟಿನಲ್ಲಿ ಅಂಥ ದುರಾಸೆ ಇರಲಿಲ್ಲ. ಸ್ವಿಟ್ಜರ್‌ಲೆಂಡಿನ ಸೈನ್ಯಕ್ಕೆ 1889ರ ಮಾದರಿಯ ಹೊಸ ಬಂದೂಕು ಬಂದಿತ್ತು. ಅದನ್ನು ಬಿಚ್ಚಿ ಒರೆಸಲು ಸ್ಕ್ರೂ ಡ್ರೈವರ್ ಬೇಕು, ಡಬ್ಬಿಯ ಊಟ ತಿನ್ನಲು ಡಬ್ಬಿ ತೆರೆಯುವ ಕೊಕ್ಕೆ ಬೇಕು, ಜೊತೆಗೆ ಒಂದು ಅಲಗು, ಒಂದು ದಬ್ಬಳ. ಇಷ್ಟೇ ನಾಲ್ಕು. ಹಿಡಿ ಕೆಂಪಗೂ ಇರಲಿಲ್ಲ. ಕಪ್ಪು ಬಣ್ಣದ ಮರದ್ದು. ಅಷ್ಟು ಚಾಕುಗಳನ್ನು ಮಾಡಿಕೊಡುವ ಕಾರ್ಖಾನೆ ಆ ದೇಶದಲ್ಲಿ ಇರಲಿಲ್ಲವಾದ್ದರಿಂದ ಮೊದಲ ಕಂತು ಜರ್ಮನಿಯ ಸೋಲಿಂಗೆನ್‌ನಿಂದ ಬಂತು. ಮುಂದೆ ವಿಕ್ಟೋರಿನಾಕ್ಸ್ ಕಂಪನಿಯಾಗಿ ಬೆಳೆದ ಚಾಕು ಅಂಗಡಿಯನ್ನು ಇಬಾಖ್ ಎಂಬ ಊರಿನಲ್ಲಿ 1884ರಲ್ಲಿ ತೆರೆದಿದ್ದ ಕಾರ್ಲ್ ಎಲ್ಸೆನರ್‌ಗೆ ಇದು ಸರಿಬರಲಿಲ್ಲ. 1891ರಲ್ಲಿ ತಾನೇ ಸೈನ್ಯಕ್ಕೆ ಚಾಕು ಒದಗಿಸತೊಡಗಿದ. ಸೋಲಿಂಗೆನ್‌ನ ಅಗ್ಗದ ಬೆಲೆಯ ಮುಂದೆ ನಿಲ್ಲಲಾಗದೆ ಹೆಚ್ಚುಕಡಿಮೆ ದಿವಾಳಿಯೇ ಎದ್ದ. ಅವನನ್ನು ಉಳಿಸಿದ್ದು 1897ರ ಇನ್ನೊಂದು ಚಾಕು. ಒಂದೇ ಸ್ಪ್ರಿಂಗಿನ ಎರಡೂ ಕಡೆ ಸಾಧನ ಕೂರಿಸಬಹುದು ಎಂಬ ಉಪಾಯದಿಂದ ಅದೇ ದಪ್ಪದಲ್ಲಿ ಚಿಕ್ಕ ಅಲಗು, ಬಿರಡೆ ತಿರುಪು ಎರಡೂ ಹೊಸದಾಗಿ ಹಿಡಿಸಿದವು. ‘ಅಧಿಕಾರಿಯ ಚಾಕು’ ಎಂದು ಹೆಸರಿಟ್ಟರೂ ಸೈನ್ಯ ಅದನ್ನು ಅಧಿಕಾರಿಗಳಿಗೆ ಹಂಚಲಿಲ್ಲ. ಬೇಕಾದವರು ದುಡ್ಡು ಕೊಟ್ಟು ಕೊಂಡರು.

ಈ ವಿವರ ಯಾಕೆ ಮುಖ್ಯವೆಂದರೆ, ನಾವು ‘ಸ್ವಿಸ್ ಸೈನ್ಯದ ಚಾಕು’ ಎಂದು ಕೊಳ್ಳುವುದು ಸೈನ್ಯದ ಚಾಕುವನ್ನಲ್ಲ. ಸೈನಿಕನ ಚಾಕುವಿನಲ್ಲಿ ಬಿರಡೆ ತಿರುಪು ಯಾವತ್ತೂ ಇರಲಿಲ್ಲ. 2008ರಲ್ಲಿ ಬಂದ ಹೊಸದರಲ್ಲೂ ಇಲ್ಲ. ಅದು ದ್ರಾಕ್ಷಾರಸದ ಬಾಟಲಿ ದಿನಕ್ಕೊಂದು ತೆರೆಯುವ ನಾಡಿನ ಸಜ್ಜನರಿಗಾಗಿ ಸೇರಿಸಿದ್ದು. ಆ ತಿರುಪನ್ನು ನಾವಿಲ್ಲಿ ಮಂಡ್ಯದಲ್ಲೋ ಹುಬ್ಬಳ್ಳಿಯಲ್ಲೋ ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇವೆ. ಅದರ ಪಕ್ಷಪಾತಿಗಳಿದ್ದಾರೆ. ಬಿಗಿದ ಗಂಟು ಬಿಡಿಸಲು ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ ಎನ್ನುತ್ತಾರೆ, ಒಪ್ಪುತ್ತೇನೆ. ಅದರ ಸುರುಳಿಯೊಳಗೆ ಕನ್ನಡಕದ ಸ್ಕ್ರೂ ಬಿಗಿಯುವ ಪುಟ್ಟ ಸ್ಕ್ರೂ ಡ್ರೈವರ್ ಒಂದನ್ನು ಸುತ್ತಿಡಬಹುದು, ಅದೂ ನಿಜ. ಆದರೆ ಒಂದು ಸಾಧನವನ್ನು ಇನ್ನೊಂದು ಸಾಧನದ ಗೂಟವಾಗಿ ಸಮರ್ಥಿಸಿಕೊಳ್ಳಬೇಕಾಗಿ ಬಂದಾಗ ಅದರ ಕಥೆ ಮುಗಿದಂತೆಯೇ.

ನಮ್ಮಲ್ಲಿ ಬೇಕಾಗುವುದು ಏನು? ಊಹೆ ಬೇಡವೆಂದು ಒಂದು ತಿಂಗಳು ಡೈರಿಯ ಕೊನೆಯ ಪುಟದಲ್ಲಿ ಗೀಟು ಹಾಕುತ್ತ ಬಂದೆ. ಆಗ ಜೇಬಿನಲ್ಲಿದ್ದ, ಕತ್ತರಿಯೂ ಬಿರಡೆ ತಿರುಪೂ ಇದ್ದ ಚಾಕುವನ್ನು ಹೊರತೆಗೆದಾಗಲೆಲ್ಲ ಯಾವ ಸಾಧನ ಬಿಚ್ಚಿದೆನೋ ಅದರ ಮುಂದೆ ಒಂದು ಗೀಟು. ತಿಂಗಳ ಕೊನೆಗೆ ನೋಡಿದರೆ ಕತ್ತರಿಯ ಮುಂದೆ ಬೇಲಿ ನಿಂತಿತ್ತು. ಮಾತ್ರೆಯ ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಡಲು, ಹಾಲಿನ ಪ್ಯಾಕೆಟ್ಟಿನ ಮೂಲೆ, ಹೊಸ ಅಂಗಿಯ ಚೀಟಿಯ ಪ್ಲಾಸ್ಟಿಕ್ ದಾರ, ಮಲ್ಲಿಗೆ ಮೊಳದಿಂದ ಅರ್ಧ ಬೇರೆ ಮಾಡಲು, ಒಡೆದ ಉಗುರು, ಮಗುವಿನ ಶಾಲೆಯ ಚಿತ್ರಪಟ. ಎರಡನೆಯದು ದೊಡ್ಡ ಅಲಗು: ಕೊರಿಯರ್ ಪೆಟ್ಟಿಗೆಯ ಟೇಪು, ರೈಲಿನಲ್ಲಿ ಸೀಬೆಹಣ್ಣು. ಮೂರನೆಯದು ನಾನು ನಿರೀಕ್ಷಿಸಿಯೇ ಇರದ ಚಿಮಟ. ಚಿಕ್ಕ ಅಲಗಿನ ಮುಂದೆ ಗೀಟು ಅಪರೂಪ. ಬಿರಡೆ ತಿರುಪಿನ ಮುಂದೆ ಒಂದೇ ಒಂದು. ಅದೂ ಗಂಟು ಬಿಚ್ಚಲಿಕ್ಕೆ.

ಚಿಮಟದ ಮುಂದಿನ ಗೀಟುಗಳನ್ನು ನೋಡಿದಾಗ ಅಜ್ಜನ ಉಡಿದಾರ ನೆನಪಾಯಿತು. ಅದಕ್ಕೊಂದು ಪುಟ್ಟ ಬಳೆ, ಬಳೆಯಲ್ಲಿ ಮೂರು ಸಾಮಾನು: ಮುಳ್ಳು ಕೀಳುವ ಚಿಮಟ, ಮುಳ್ಳು ಬಿಡಿಸುವ ಮೊನೆ, ಕಿವಿ ಗುಗ್ಗೆ ತೆಗೆಯುವ ಕಡ್ಡಿ. ಎಲೆ ಅಡಿಕೆಯ ಸಂಚಿಯೊಳಗೆ ಅಡಕೊತ್ತು ಬೇರೆ. ಬರಿಗಾಲಲ್ಲಿ ಗದ್ದೆ ತೋಟ ತಿರುಗುವವನ ದಿನಕ್ಕೆ ಏನು ಬೇಕೋ ಅಷ್ಟು, ಒಂದು ಹೆಚ್ಚಿಲ್ಲ. ಊರಿನ ಅಕ್ಕಸಾಲಿಯೋ ಕಮ್ಮಾರನೋ ಮಾಡಿಕೊಟ್ಟಿದ್ದನ್ನು ಯಾರೂ ಮೂರು ಉಪಯೋಗದ ಸಾಧನ ಎಂದು ಕರೆಯಲಿಲ್ಲ.

ಈ ಅಳತೆಗೋಲಿನಿಂದ ಮಾದರಿಗಳನ್ನು ನೋಡುತ್ತೇನೆ. ಕೀಲಿಗೊಂಚಲಿಗೆ ಸೇರುವ 58 ಮಿಲಿಮೀಟರಿನ ‘ಕ್ಲಾಸಿಕ್’ನಲ್ಲಿ ಕಿರುಬೆರಳಷ್ಟು ಅಲಗು, ಕತ್ತರಿ, ಉಗುರು ತೀಡುವ ಅರ, ಚಿಮಟ, ಹಲ್ಲುಕಡ್ಡಿ. ತೂಕ ಸುಮಾರು 21 ಗ್ರಾಂ. ನೋಡಿದರೆ ಆಟದ ಸಾಮಾನು. ನನ್ನ ಡೈರಿಯ ಗೀಟುಗಳಲ್ಲಿ ಮುಕ್ಕಾಲು ಪಾಲನ್ನು ಇದು ನಿಭಾಯಿಸುತ್ತದೆ. ಸೀಬೆಹಣ್ಣು ಇದರ ಅಲಗಿಗೆ ದೊಡ್ಡದಾಗುತ್ತದೆ, ಸ್ವಿಚ್ ಬೋರ್ಡಿನ ಸ್ಕ್ರೂಗೆ ಇದರ ತುದಿ ಸೋಲುತ್ತದೆ, ಅಷ್ಟೇ. ಇನ್ನೊಂದು ಮಾತು. ‘ದಿನವೂ ಜೊತೆಗಿರಲಿ’ ಎಂದು ಈ ಚಾಕುಗಳ ಬಗ್ಗೆ ಬರೆಯುವವರೆಲ್ಲ ಜೀನ್ಸ್ ಪ್ಯಾಂಟಿನ ಆಳವಾದ ಜೇಬನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಸೀರೆಗೆ ಜೇಬಿಲ್ಲ, ಬಹುಪಾಲು ಚೂಡಿದಾರಗಳಿಗೂ ಇಲ್ಲ. ಪರ್ಸಿನೊಳಗೆ ಕೀಲಿಕೈ ಜೊತೆ ಇರುವುದಕ್ಕೆ ಕ್ಲಾಸಿಕ್‌ಗಿಂತ ಬೇರೆ ಹುಡುಕಬೇಕಾಗಿಲ್ಲ.

ಅದರ ಮೇಲಿನದು 91 ಮಿಲಿಮೀಟರಿನ ಅಳತೆ. ಕೆಂಪು ಹಿಡಿಯ ಹೆಸರಾಂತ ಚಾಕುಗಳಲ್ಲಿ ಬಹುಪಾಲು ಇದರಲ್ಲೇ. ಸ್ಪಾರ್ಟನ್‌ನಲ್ಲಿ ಕತ್ತರಿಯೇ ಇಲ್ಲ, ಆದ್ದರಿಂದ ನನ್ನ ಮಟ್ಟಿಗೆ ಅದು ಮೊದಲ ಸುತ್ತಿನಲ್ಲೇ ಹೊರಗೆ. ಅದಕ್ಕೇ ಕತ್ತರಿಯ ಪದರ ಸೇರಿಸಿದರೆ ‘ಕ್ಲೈಂಬರ್’. ಕ್ಲೈಂಬರ್‌ನಿಂದ ಬಿರಡೆ ತಿರುಪು ತೆಗೆದು ಅಲ್ಲಿ ಪ್ಲಸ್ ಸ್ಕ್ರೂ ಡ್ರೈವರ್ ಇಟ್ಟರೆ ‘ಸೂಪರ್ ಟಿಂಕರ್’. ಈಗ ನನ್ನ ಜೇಬಿನಲ್ಲಿರುವುದು ಇದು. ನಮ್ಮ ಮನೆಗಳಲ್ಲಿ ಸಡಿಲವಾಗುವ ಸ್ಕ್ರೂಗಳೆಲ್ಲ ಪ್ಲಸ್ ತಲೆಯವು, ಹಾಗಾಗಿ ಈ ಅದಲುಬದಲು ಸರಿಯಾದದ್ದೇ. ಪೂರ್ತಿ ಸರಿ ಎನ್ನಲಾರೆ. ಬೆನ್ನಿನ ಮಧ್ಯದಿಂದ ಏಳುವ ಆ ಸ್ಕ್ರೂ ಡ್ರೈವರ್ ಹಿಡಿಯ ಜೊತೆ ‘ಟಿ’ ಆಕಾರವಾಗಿ ನಿಲ್ಲುತ್ತದೆ. ಬಲ ಹಾಕಲು ಬೊಂಬಾಟ್, ಆದರೆ ಗೋಡೆ ಅಂಚಿನಲ್ಲಿರುವ ಸ್ಕ್ರೂ ತಿರುಗಿಸಲು ಹೋದರೆ ಹಿಡಿಯೇ ಗೋಡೆಗೆ ಬಡಿಯುತ್ತದೆ. ಅಂಥ ಕಡೆ ಡಬ್ಬಿ ಕೊಕ್ಕೆಯ ಸಣ್ಣ ತುದಿ ಪ್ಲಸ್ ತಲೆಯಲ್ಲೂ ಸರಾಗವಾಗಿ ಕೂರುತ್ತದೆ. ಇದನ್ನು ಕಂಡುಕೊಂಡ ಮೇಲೆ ಆ ಕೊಕ್ಕೆಯ ಮೇಲೆ ಗೌರವ ಹೆಚ್ಚಿತು. ಡಬ್ಬಿ ತೆರೆಯಲು ಅದನ್ನು ಬಳಸಿದ್ದು ರಸಗುಲ್ಲ ತಂದಾಗ ಮಾತ್ರ: ಡಬ್ಬಿಯ ಅಂಚಿಗೆ ಸಿಕ್ಕಿಸಿ, ಹಿಡಿ ಎತ್ತಿ ಇಳಿಸಿ, ಮುಂದಕ್ಕೆ ಮುಂದಕ್ಕೆ ಕಚ್ಚುತ್ತ ಹೋಗಬೇಕು. ತಗಡಿನ ಅಂಚು ಹರಿತ, ಬೆರಳು ಜೋಪಾನ.

ಕೆಂಪು ಪ್ಲಾಸ್ಟಿಕ್ ಬೇಡ ಎನ್ನುವವರಿಗೆ ಒರಟು ಅಲ್ಯುಮಿನಿಯಂ ಹಿಡಿಯ 93 ಮಿಲಿಮೀಟರಿನ ‘ಪಯೊನೀರ್’ ಇದೆ. ಹಳೆಯ ಸೈನಿಕ ಚಾಕುವಿನ ನೇರ ವಂಶ, ಅಲಗು ಹೆಚ್ಚು ದಪ್ಪ. ಕೈಯಲ್ಲಿ ಹಿಡಿದ ಸುಖಕ್ಕೆ ಇದೇ ಮೊದಲು. ಆದರೆ ಆ ತೆಳು ಹಿಡಿಯೊಳಗೆ ಚಿಮಟಕ್ಕೆ ಜಾಗವಿಲ್ಲ. ‘ಪಯೊನೀರ್ ಎಕ್ಸ್’ನಲ್ಲಿ ಕತ್ತರಿ ಬಂದಿದೆ, ಚಿಮಟ ಈಗಲೂ ಇಲ್ಲ. ಅಜ್ಜ ಕೊಳ್ಳುತ್ತಿರಲಿಲ್ಲ.

ಇಕ್ಕಳದ ಪಕ್ಷದವರ ಮಾತೂ ಕೇಳಬೇಕು. 1975ರಲ್ಲಿ ಟಿಮ್ ಲೆದರ್‌ಮನ್ ಎಂಬ ಅಮೆರಿಕದ ಯುವಕ ಹೆಂಡತಿಯೊಂದಿಗೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಕೈಕೊಡುವುದು, ಹೋಟೆಲ್ಲಿನ ನಲ್ಲಿ ಸೋರುವುದು ನಡೆದೇ ಇತ್ತು. ಜೇಬಿನಲ್ಲಿದ್ದ ಚಾಕುವಿಗೆ ಒಂದು ಇಕ್ಕಳವಿದ್ದಿದ್ದರೆ ಎಂದು ಅನ್ನಿಸಿದ್ದು ಆಗ. ಮೊದಲ ಲೆದರ್‌ಮನ್ ಮಾರಾಟಕ್ಕೆ ಬಂದದ್ದು 1983ರಲ್ಲಿ. ಇದು ಚಾಕುವಿಗೆ ಇಕ್ಕಳ ಸೇರಿಸಿದ್ದಲ್ಲ, ಇಕ್ಕಳದ ಕಾಲುಗಳೊಳಗೆ ಚಾಕು ಮಡಿಚಿಟ್ಟಿದ್ದು. ಬೈಕಿನ ಕೇಬಲ್ ಬಿಗಿಯುವವರು, ಪಂಪ್‌ಸೆಟ್ ಇರುವವರು, ಎಲೆಕ್ಟ್ರಿಷಿಯನ್ನರು ಕಣ್ಣು ಮುಚ್ಚಿ ಇದನ್ನೇ ಕೊಳ್ಳಲಿ. ‘ವೇವ್’ ಮಾದರಿಯಲ್ಲಿ ಇಕ್ಕಳ ಬಿಚ್ಚದೆ ಹೊರಗಿನಿಂದಲೇ ಒಂದು ಕೈಯಲ್ಲಿ ಅಲಗು ತೆರೆಯಬಹುದು, ತೆರೆದ ಅಲಗು ಬೀಗ ಹಾಕಿದಂತೆ ನಿಲ್ಲುತ್ತದೆ. ಈಗಿನ ‘ವೇವ್ ಪ್ಲಸ್’ ತೂಕ 241 ಗ್ರಾಂ, ಎಂದರೆ ನಿಮ್ಮ ಮೊಬೈಲಿಗಿಂತ ಭಾರ. ಪಂಚೆಯ ಸೊಂಟಕ್ಕೆ ಸಿಕ್ಕಿಸಿದರೆ ಪಂಚೆ ಉಳಿಯುವುದಿಲ್ಲ. ಸ್ನೇಹಿತರೊಬ್ಬರದು ವಾರದೊಳಗೆ ಕಾರಿನ ಡ್ಯಾಶ್‌ಬೋರ್ಡ್ ಸೇರಿತು. ಕಾರು ಮನೆಯಲ್ಲಿದ್ದಾಗ ಅವರ ಸಾಧನವೂ ಮನೆಯಲ್ಲೇ.

ಬೀಗದ ವಿಷಯ ಬಂತು. 91 ಮಿಲಿಮೀಟರಿನ ಚಾಕುಗಳಲ್ಲಿ ಅಲಗಿಗೆ ಬೀಗವಿಲ್ಲ, ಸ್ಪ್ರಿಂಗಿನ ಬಿಗಿಯಷ್ಟೇ. ಕೊಯ್ಯುವಾಗ ಪರವಾಗಿಲ್ಲ, ಚುಚ್ಚಲು, ಮೀಟಲು ಹೋದರೆ ಅಲಗು ಮಡಿಚಿ ಬೆರಳ ಮೇಲೆ ಕೂರುತ್ತದೆ. ರೈಲು ನಿಲ್ದಾಣದ ಹೊರಗಿನ ಫುಟ್‌ಪಾತಿನಲ್ಲಿ ಕೊಂಡ ನಕಲಿ ಕೆಂಪು ಚಾಕುವೊಂದರಿಂದ ನನ್ನ ತೋರುಬೆರಳಿಗೆ ಆ ಪಾಠ ಆಗಿದೆ, ಎರಡು ಹೊಲಿಗೆ. ನಕಲಿಯನ್ನು ಗುರುತಿಸುವುದು ಕಷ್ಟವಲ್ಲ. ಬೆಳಕಿಗೆ ಹಿಡಿದರೆ ಪದರಗಳ ನಡುವೆ ಕಿಂಡಿ ಕಾಣುತ್ತದೆ, ಅಲಗು ತೆರೆದಾಗ ಟಕ್ ಎಂದು ಕೂರುವ ಬದಲು ಒದ್ದಾಡುತ್ತದೆ, ಕತ್ತರಿ ಕಾಗದವನ್ನು ಕತ್ತರಿಸದೆ ಮಡಿಚುತ್ತದೆ.

ಕಾನೂನಿನ ಅಂಜಿಕೆ ಹಲವರಿಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಹರಿತವಾದ ಆಯುಧ ಎಂದು ಪಟ್ಟಿ ಮಾಡಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ಅದರಲ್ಲೂ ಮನೆಬಳಕೆ, ಬೇಸಾಯದವನ್ನು ಬಿಟ್ಟು. ನಮ್ಮ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ತಪಾಸಣೆಯ ಬಾಗಿಲುಗಳದ್ದು ಬೇರೆಯದೇ ನಿಯಮ. ವಿಮಾನದ ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ, ಲಗೇಜಿಗೆ ಹಾಕಬೇಕು. ಮರೆತ ನನ್ನ ಮೊದಲ ಕ್ಲಾಸಿಕ್ ನೇಲ್ ಕಟರ್, ಲೈಟರ್‌ಗಳಿದ್ದ ಪ್ಲಾಸ್ಟಿಕ್ ಡಬ್ಬಕ್ಕೆ ಬಿದ್ದದ್ದು ಹಾಗೆ. 2001ರಲ್ಲಿ ಅಮೆರಿಕದ ಮೇಲೆ ನಡೆದ ವಿಮಾನ ದಾಳಿಯ ನಂತರ ಎಲ್ಲೆಡೆ ಈ ನಿರ್ಬಂಧ ಬಿಗಿಯಾದಾಗ ವಿಕ್ಟೋರಿನಾಕ್ಸ್ ಕಂಪನಿಯ ಮಾರಾಟವೇ ಕುಸಿದಿತ್ತು. 2024ರಲ್ಲಿ ವಿಕ್ಟೋರಿನಾಕ್ಸ್ ಅಲಗಿಲ್ಲದ ಸಾಧನವೊಂದನ್ನು ರೂಪಿಸುತ್ತಿರುವುದಾಗಿ ಹೇಳಿತು. ಕೆಲವರು ನಕ್ಕರು. ಡೈರಿಯ ಗೀಟುಗಳನ್ನು ನೋಡಿದ ನನಗೆ ನಗು ಬರಲಿಲ್ಲ.

ಕೊಂಡ ಮೇಲಿನ ಆರೈಕೆ ಹೆಚ್ಚಿಲ್ಲ. ಹಲಸಿನ ಮೇಣ ಹಿಡಿದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುವುದು, ಮಾವು ಕೊಯ್ದ ದಿನ ಬಿಸಿನೀರಿನಲ್ಲಿ ಅಲುಗಾಡಿಸಿ ತೊಳೆಯುವುದು, ಕೀಲುಗಳಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು. ಇದರ ಉಕ್ಕು ಮೆತ್ತನೆಯದು, ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಪಿಂಗಾಣಿ ಬಟ್ಟಲಿನ ತಳದಲ್ಲಿ ಹೊಳಪಿಲ್ಲದ ಉಂಗುರವಿರುತ್ತದಲ್ಲ, ಅದರ ಮೇಲೆ ಹತ್ತು ಸಲ ಎಳೆದರೆ ಸಾಕು. ನಾನು ಇದನ್ನು ತಿಳಿಯುವ ಮೊದಲು ಬೀದಿಯಲ್ಲಿ ಸೈಕಲ್ ನಿಲ್ಲಿಸಿ ಸಾಣೆ ಹಿಡಿಯುವವನ ಕೈಗೆ ಕೊಟ್ಟಿದ್ದೆ. ಕುಡುಗೋಲಿಗೆ ತಕ್ಕ ಚಕ್ರ, ಕುಡುಗೋಲಿಗೆ ತಕ್ಕ ಉತ್ಸಾಹ. ಪೆಡಲು ತುಳಿದಂತೆ ಕಿಡಿ ಹಾರಿತು, ಅಲಗಿನ ತುದಿ ನೀಲಿಗಟ್ಟಿತು. ‘ಸಾರ್, ಈಗ ನೋಡಿ’ ಎಂದು ಹೆಬ್ಬೆರಳಿನ ಉಗುರಿನ ಮೇಲೆ ಆಡಿಸಿ ತೋರಿಸಿದ. ಹರಿತವೇನೋ ಆಗಿತ್ತು, ಎರಡು ದಿನಕ್ಕೆ. ನೀಲಿಗಟ್ಟಿದ ತುದಿ ಆಮೇಲೆ ಹರಿತ ಹಿಡಿಯಲೇ ಇಲ್ಲ. ಅಲಗಿನ ಅಗಲವೂ ಎರಡು ಮಿಲಿಮೀಟರ್ ಸವೆದಿತ್ತು. ಆ ಚಾಕುವೇ ಈಗಲೂ ನನ್ನ ಜೇಬಿನಲ್ಲಿದೆ. ಬದಲಾಯಿಸಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಕತ್ತರಿ ಚೆನ್ನಾಗಿರುವುದರಿಂದ ಮನಸ್ಸು ಬಂದಿಲ್ಲ.