ಕ್ವಿಕ್ ಗ್ರಂಥದಲ್ಲಿ ಪ್ರತ್ಯಭಿಜ್ಞಾವಿಚಾರ

ಅಂತರ್ಜಾಲದ ಸಾಗಣೆಯನ್ನು ಕುರಿತ ‘ಕ್ವಿಕ್’ ಪದ್ಧತಿಯ ಮೂಲಗ್ರಂಥವಾದ ಆರ್‌ಎಫ್‌ಸಿ ೯೦೦೦ ಎಂಬುದು ಜನಾ ಅಯ್ಯಂಗಾರ್, ಮಾರ್ಟಿನ್ ಥಾಮ್ಸನ್ ಎಂಬವರ ಸಂಪಾದಕತ್ವದಲ್ಲಿ ೨೦೨೧ನೆಯ ಮೇ ತಿಂಗಳಲ್ಲಿ ಪ್ರಕಟವಾಯಿತು. ಅದರ ಒಂಬತ್ತನೆಯ ಪ್ರಕರಣವು ಲಕ್ಷಣವಿಚಾರದಲ್ಲಿ ಪರಿಶ್ರಮವುಳ್ಳವರಿಗೆ ವಿಶೇಷವಾಗಿ ಪರಿಶೀಲನಾರ್ಹವಾಗಿದೆ.

ಮೂವತ್ತೆರಡು ಬಿಟ್ಟುಗಳ ವಿಳಾಸಗಳು ಸುಮಾರು ೪೨೯ ಕೋಟಿಯನ್ನು ಮೀರಲಾರವು. ಈ ಕೊರತೆಯ ನಿವಾರಣೆಗಾಗಿ ೧೯೯೪ರಲ್ಲಿ ನಿರೂಪಿತವಾದ ‘ನ್ಯಾಟ್’ ಎಂಬ ವಿಳಾಸಪರಿವರ್ತನೆಯು ಬಳಕೆಗೆ ಬಂದು, ಅನೇಕ ಯಂತ್ರಗಳನ್ನು ಒಂದೇ ಹೊರವಿಳಾಸದ ಬೇರೆ ಬೇರೆ ಪೋರ್ಟುಗಳಲ್ಲಿ ತೋರಿಸುತ್ತದೆ. ಸಂಚಾರವು ಕೆಲಕಾಲ ನಿಂತರೆ ಅದು ಹಿಂದಿನ ಪೋರ್ಟನ್ನು ಮರೆತು ಬೇರೊಂದನ್ನು ಕೊಡುವುದುಂಟು; ಒಳಗಿನ ಯಂತ್ರಕ್ಕೆ ಇದರ ಅರಿವೇ ಇರದು. ವಿಳಾಸ ಪೋರ್ಟುಗಳಿಂದಲೇ ಸಂಬಂಧವನ್ನು ಗುರುತಿಸುವ ಟಿಸಿಪಿಯಲ್ಲಿ ಆಗ ಸಂವಾದವು ಮುರಿಯುವುದು. ಕ್ವಿಕ್ ಪದ್ಧತಿಯಾದರೋ ಸಂಬಂಧಕ್ಕೆ ಪ್ರತ್ಯೇಕವಾದ ಗುರುತನ್ನಿತ್ತು, ಸ್ಥಾನವು ಬದಲಾದರೂ ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯನ್ನು ಸಾಧಿಸುತ್ತದೆ. ವಿಳಾಸವನ್ನು ಕೃತಕವಾಗಿ ತೋರುವ ವಂಚಕರಿರುವುದರಿಂದ, ಎಂಟು ಬೈಟುಗಳ ಊಹಾತೀತವಾದ ಪ್ರಶ್ನೆಯನ್ನು ಹೊಸ ವಿಳಾಸಕ್ಕೆ ಕಳುಹಿ ಅದು ಮರಳಿ ಬರುವುದನ್ನು ನೋಡಬೇಕೆಂದೂ, ವಿಳಾಸವು ದೃಢಪಡುವವರೆಗೆ ಪಡೆದುದರ ಮೂರುಪಟ್ಟನ್ನು ಮೀರಿ ಕಳುಹಿಸಕೂಡದೆಂದೂ ವಿಧಿಸಲ್ಪಟ್ಟಿದೆ. ಇಷ್ಟು ಭಾಗ ಶ್ಲಾಘ್ಯವಾದುದು.

ವಿವಾದಾಸ್ಪದವಾದುದು ಮುಂದಿನ ನಿಯಮ. ಹೊಸ ವಿಳಾಸವು ದೃಢಪಟ್ಟೊಡನೆ ದಟ್ಟಣೆಯ ಅಂದಾಜನ್ನೂ ಹೋಗಿಬರುವ ಕಾಲದ ಎಣಿಕೆಯನ್ನೂ ಮೊದಲಿನಿಂದ ಆರಂಭಿಸಬೇಕು. ಪೋರ್ಟು ಮಾತ್ರ ಬದಲಾಗಿದ್ದರೆ, ಅದು ಸಾಮಾನ್ಯವಾಗಿ ನ್ಯಾಟಿನ ಕಾರ್ಯವಾದುದರಿಂದ, ಹಳೆಯದನ್ನೇ ಉಳಿಸಿಕೊಳ್ಳಬಹುದು. ಇಲ್ಲಿ ಪೋರ್ಟುಮಾತ್ರದ ಭೇದವು ಮಾರ್ಗೈಕ್ಯಕ್ಕೆ ಹೇತುವಾಗಿ ಹಿಡಿಯಲ್ಪಟ್ಟಿದೆ. ಆದರೆ ಒಂದೇ ನ್ಯಾಟಿನ ಹಿಂದೆ ತಂತಿಯನ್ನು ಬಿಟ್ಟು ವೈಫೈಗೆ ಸರಿದ ಯಂತ್ರಕ್ಕೆ ಹೊರಗಿನಿಂದ ಪೋರ್ಟು ಮಾತ್ರ ಬೇರೆಯಾಗಿ ಕಂಡರೂ ಮಾರ್ಗವು ಭಿನ್ನವಾಗಿರುವುದು. ಇದು ಅತಿವ್ಯಾಪ್ತಿ. ಅನೇಕ ಹೊರವಿಳಾಸಗಳುಳ್ಳ ದೊಡ್ಡ ನ್ಯಾಟು ವಿಳಾಸವನ್ನೇ ಬದಲಿಸಿದಲ್ಲಿ ಮಾರ್ಗವು ಒಂದೇ ಆಗಿದ್ದರೂ ಹಳೆಯ ಎಣಿಕೆಯನ್ನು ತ್ಯಜಿಸಬೇಕಾಗುವುದು. ಇದು ಅವ್ಯಾಪ್ತಿ.

ಇವುಗಳಲ್ಲಿ ಮೊದಲನೆಯದಕ್ಕೆ ಸಮಾಧಾನವುಂಟು: ‘ಬಹುದು’ ಎಂಬುದು ವಿಕಲ್ಪವೇ ಹೊರತು ವಿಧಿಯಲ್ಲ, ತಂತ್ರಾಂಶಕಾರನು ಸಂದೇಹವಿದ್ದಲ್ಲಿ ಎಣಿಕೆಯನ್ನು ಹೊಸದಾಗಿ ಆರಂಭಿಸಲು ಸ್ವತಂತ್ರನು. ಎರಡನೆಯದಕ್ಕೆ ಪರಿಹಾರವಿಲ್ಲ, ಅಲ್ಲಿ ‘ಬೇಕು’ ಎಂಬ ವಿಧಿಯೇ ನಿಂತಿದೆ. ಆದರೂ ಎರಡರ ಫಲವನ್ನು ತೂಗಿನೋಡಿದರೆ, ಅವ್ಯಾಪ್ತಿಯಿಂದ ತನ್ನ ಸಂವಾದವು ಕೆಲಕಾಲ ಮಂದವಾಗುವುದು. ಅತಿವ್ಯಾಪ್ತಿಯಿಂದ ಪರರ ಮಾರ್ಗವೂ ತುಂಬಿ ಕಟ್ಟುವುದು. ದೂರದ ಮಾರ್ಗವು ಪ್ರತ್ಯಕ್ಷವಾಗದ ಯಂತ್ರಕ್ಕೆ ಅನುಮಾನವೇ ಗತಿಯಾದುದರಿಂದ, ಗ್ರಂಥವು ಪರಪೀಡೆಯ ಕಡೆ ವಿಧಿಯನ್ನು ಬಿಗಿಮಾಡಿ, ಸ್ವಹಾನಿಯ ದೋಷವನ್ನು ಸಹಿಸಿರುವುದು ಯುಕ್ತವೆಂದೇ ಹೇಳಬೇಕಾಗುತ್ತದೆ.