ಆದವಾನಿ: ಒಂದು ಸಾಲಿನ ವ್ಯಾಖ್ಯಾನ

ಮೂಲ: ಆದೋನಿ, 15°38′ ಉ., 77°17′ ಪೂ.

‘ಆದೋನಿ’ — ಇದು ಸ್ಥಲನಿರ್ದೇಶ. ಕನ್ನಡಿಗರ ಬಾಯಲ್ಲಿ ಆದವಾನಿ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು, ಅಂದಿನಿಂದ ಕರ್ನೂಲು ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ಮುಂದಿನ ಅಂಕಗಳು ಮಾತ್ರ ಕೂದಲೆಳೆಯಷ್ಟೂ ಜರುಗಲಿಲ್ಲ.

‘15°’ — ಹದಿನೈದು ಅಂಶ ಎಂದು ಓದತಕ್ಕದ್ದು. ಅಂಶವೆಂದರೆ ವೃತ್ತದ 360 ಪಾಲುಗಳಲ್ಲೊಂದು. ಆದ್ದರಿಂದ ಇದು ದೂರವಲ್ಲ, ಕೋನ. ಭೂಕೇಂದ್ರದಿಂದ ಒಂದು ದಾರವನ್ನು ಆದವಾನಿಗೂ, ಇನ್ನೊಂದನ್ನು ಅದರ ನೇರ ದಕ್ಷಿಣಕ್ಕೆ ಭೂಮಧ್ಯರೇಖೆಗೂ ಎಳೆದರೆ ನಡುವೆ ಉಂಟಾಗುವ ಕೋನವೇ ಅಕ್ಷಾಂಶ. ನೆಲದೊಳಗಿನ ಕೋನವನ್ನು ಕಂಡವರಾರು ಎಂಬ ಶಂಕೆಗೆ ಸಮಾಧಾನ: ಅದೇ ಕೋನ ಬಾನಿನಲ್ಲಿಯೂ ಕಾಣುತ್ತದೆ. ಧ್ರುವನಕ್ಷತ್ರವು ಇಲ್ಲಿ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಇಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ನೆರಳಿನಲ್ಲಿಯೂ ಉಂಟು. ವಿಷುವದಿನ, ಎಂದರೆ ಹಗಲಿರುಳು ಸಮವಾಗುವ ದಿನ, ನಡುಹಗಲಿನಲ್ಲಿ 12 ಅಂಗುಲದ ಶಂಕುವಿನ (ನೆಟ್ಟಗೆ ನಿಲ್ಲಿಸಿದ ಗೂಟದ) ನೆರಳಿಗೆ ಸಿದ್ಧಾಂತಿಗಳು ಪಲಭೆ ಎಂದು ಹೆಸರಿಟ್ಟರು. ಆದವಾನಿಯ ಅಂಗಳದಲ್ಲಿ ಅದು ಮೂರೂಕಾಲು ಅಂಗುಲವನ್ನು ತುಸು ಮೀರುತ್ತದೆ. ಮೇ ಮೊದಲ ವಾರದಲ್ಲೊಂದು ದಿನ, ಆಗಸ್ಟ್ ಎರಡನೆಯ ವಾರದಲ್ಲೊಂದು ದಿನ ಅದೇ ಗೂಟದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ‘ನೆತ್ತಿಯ ಮೇಲಿನ ಸೂರ್ಯ’ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುವುದು ಆ ಎರಡೇ ನಡುಹಗಲಿಗೆ.

‘38′’ — ಇವು ಕಲೆಗಳು. ಕಲೆಯೆಂದರೆ ಅಂಶದ 60ನೆಯ ಪಾಲು; ಈಗ ನಿಮಿಷವೆನ್ನುತ್ತಾರಾದರೂ ಗಡಿಯಾರದ ನಿಮಿಷವಲ್ಲ. ಅಕ್ಷಾಂಶದ ಒಂದು ಕಲೆಗೆ ನೆಲದ ಮೇಲೆ ಸುಮಾರು 1.85 ಕಿ.ಮೀ. ಇಂಥ ಲೆಕ್ಕ ಸುಮ್ಮನೆ ದಕ್ಕಿದ್ದಲ್ಲ. 1802ರಲ್ಲಿ ಮದರಾಸಿನಿಂದ ಹೊರಟ ಭೂಮಾಪಕ ವಿಲಿಯಂ ಲ್ಯಾಂಬ್ಟನ್, ಅಂಶವೊಂದರ ಉದ್ದವನ್ನು ಅರಿಯಲೆಂದೇ ತ್ರಿಕೋನಗಳ ಸರಪಣಿಯನ್ನು ಹೆಣೆಯುತ್ತ ಬಂದು, 1811ರಲ್ಲಿ ಆದವಾನಿಯ ಆಗ್ನೇಯಕ್ಕಿರುವ ಗುತ್ತಿಯ ಬಳಿ ಆಧಾರರೇಖೆಯನ್ನು ಅಳೆದನು.

‘ಉ.’ — ಉತ್ತರ. ಇದನ್ನು ಬಿಟ್ಟರೆ ಅಷ್ಟೇ ಅಂಶ ದಕ್ಷಿಣಕ್ಕಿರುವ ತಾಣವೂ ಅರ್ಥವಾದೀತು.

‘77°’ — ಇದು ರೇಖಾಂಶ. ಹಳೆಯ ಮಾತಿನಲ್ಲಿ ದೇಶಾಂತರ. ಅಕ್ಷವೃತ್ತಗಳು ಎಂದೂ ಕೂಡವು. ಈ ರೇಖೆಗಳಾದರೋ ಧ್ರುವಗಳಲ್ಲಿ ಒಂದಾಗುತ್ತವೆ. ಹಾಗಾಗಿ ಭೂಮಧ್ಯರೇಖೆಯಲ್ಲಿ 111 ಕಿ.ಮೀ. ಇರುವ ಅಂಶ ಆದವಾನಿಗೆ ಬರುವಾಗ ಸುಮಾರು 107ಕ್ಕೆ ಇಳಿದಿರುತ್ತದೆ. ಎಲ್ಲಿಂದ 77? ಇದೇ ಮುಖ್ಯ ಪ್ರಶ್ನೆ. ಅಕ್ಷಾಂಶದ ಸೊನ್ನೆಯನ್ನು ಭೂಮಿಯ ತಿರುಗಾಟವೇ ಗೊತ್ತುಮಾಡಿದೆ. ರೇಖಾಂಶದ ಸೊನ್ನೆಯನ್ನು ಮನುಷ್ಯರು ಕೂತು ಒಪ್ಪಿಕೊಂಡರು. ನಮ್ಮ ಸಿದ್ಧಾಂತಗಳಿಗೆ ಅದು ಲಂಕೆ–ಉಜ್ಜಯಿನಿಗಳ ರೇಖೆ. 1884ರ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ಚನ್ನು ಆರಿಸಿತು. ಉಜ್ಜಯಿನಿಯಿಂದ ಎಣಿಸಿದ್ದರೆ ಇಲ್ಲಿ 77ರ ಬದಲು ಒಂದೂವರೆ ಅಂಶವಿರುತ್ತಿತ್ತು. 15 ಆಗಲೂ 15.

‘17′ ಪೂ.’ — ಹದಿನೇಳು ಕಲೆ, ಗ್ರೀನಿಚ್ಚಿಗೆ ಪೂರ್ವ. ಭೂಮಿ 4 ನಿಮಿಷಕ್ಕೆ ಒಂದಂಶ ತಿರುಗುವುದರಿಂದ ಈ ಪದ ಕಾಲವನ್ನೂ ಸೂಚಿಸುತ್ತದೆ. ಭಾರತದ ಗಡಿಯಾರ 82°30′ ರೇಖೆಯದು. ಆದವಾನಿ ಅದಕ್ಕಿಂತ 5°13′ ಪಶ್ಚಿಮ. ಆದಕಾರಣ ಗಡಿಯಾರ ಹನ್ನೆರಡು ತೋರಿದ ಮೇಲೂ ಆ ಗೂಟದ ನೆರಳು ಕುಗ್ಗುತ್ತಲೇ ಇದ್ದು, ಸರಾಸರಿ 12 ಗಂಟೆ 21 ನಿಮಿಷಕ್ಕೆ ತನ್ನ ಗಿಡ್ಡಳತೆಯನ್ನು ಮುಟ್ಟುತ್ತದೆ.